ಪಾಸಾಗಬಾರದ ಪರೀಕ್ಷೆ

ಅಜ್ಜಿ ನಿವೃತ್ತ ಗಣಿತ ಟೀಚರು. ಅವರ ಕೈಯಲ್ಲಿ ಕಲಿತ ಮಕ್ಕಳು ಫೇಲಾದದ್ದಿಲ್ಲ. ಫೇಲಾಗುವ ಧೈರ್ಯ ಯಾರಿಗೂ ಇರಲಿಲ್ಲ ಎನ್ನುವುದು ಹೆಚ್ಚು ಸರಿ. ಅಂಥವರ ಮೊಮ್ಮಗಳಿಗೆ ಈಗ ಒಂದು ಪರೀಕ್ಷೆ ಬಂದಿತ್ತು.

ಮೊಮ್ಮಗಳನ್ನು ಮನೆಯವರೆಲ್ಲ ಕರೆಯುವುದು ಗುಬ್ಬಿ ಎಂದೇ. ತರಗತಿಯಲ್ಲಿ ಗಲಾಟೆಯಾದರೆ ಗುಬ್ಬಿ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಸೇರಿಬಿಡುತ್ತಿದ್ದಳು. ಯಾರಾದರೂ ಮಾತಾಡಿಸಿದರೆ ಬೀಗಗಳ ವಿಷಯ ಶುರು ಮಾಡುತ್ತಿದ್ದಳು, ಶುರುವಾದದ್ದು ನಿಲ್ಲುತ್ತಿರಲಿಲ್ಲ. ಹೆಡ್ ಮಿಸ್ ಅವಳ ಅಮ್ಮನನ್ನು ಕರೆಸಿ, ಮಕ್ಕಳ ಬೆಳವಣಿಗೆ ನೋಡುವ ತಜ್ಞೆಗೆ ತೋರಿಸಿ ಎಂದಿದ್ದರು. ಇವಳಿಗೆ ಸಹಾಯ ಬೇಕೆಂದು ಆ ತಜ್ಞೆ ಬರೆದುಕೊಟ್ಟರೆ ಪಕ್ಕದಲ್ಲಿ ಕೂರಲು ಒಬ್ಬ ಟೀಚರನ್ನು ಕೊಡುತ್ತಾರಂತೆ. ಇಲ್ಲದಿದ್ದರೆ ರಜೆ ಮುಗಿದ ಮೇಲೆ ಬೇರೆ ಶಾಲೆ ನೋಡಿಕೊಳ್ಳಬೇಕಂತೆ.

ಡ್ರೈಕ್ಲೀನಿಂಗ್ ಅಂಗಡಿಯ ಕೆಲಸ ಮುಗಿಸಿ ಬಂದ ಸೊಸೆ ಇದನ್ನೆಲ್ಲ ಬಿಡಿಸಿ ಹೇಳಿದಳು. ಅತ್ತೆಯ ತಲೆಗೆ ಹೋದದ್ದು ಎರಡೇ ಸಂಗತಿ: ಪರೀಕ್ಷೆ ಇದೆ, ಎಡವಿದರೆ ಶಾಲೆಯಿಂದ ಆಚೆ. ಉಳಿದದ್ದನ್ನು ಅವರು ಅನುಭವದಿಂದ ತುಂಬಿಕೊಂಡರು.

ಮರುದಿನದಿಂದಲೇ ಪಾಠ ಶುರುವಾಯಿತು. ಎದುರಿನವರ ಕಣ್ಣು ನೋಡಲು ಆಗದಿದ್ದರೆ ಹುಬ್ಬುಗಳ ನಡುವೆ ನೋಡು. ಕೈ ತೊಡೆಯ ಮೇಲಿರಲಿ. ಬೀಗದ ಮಾತು ಬಾಯಿಗೆ ಬಂದರೆ ನುಂಗಿಕೋ. ಏನು ಇಷ್ಟ ಎಂದು ಕೇಳಿದರೆ ಚಿತ್ರ ಬರೆಯುವುದು ಎನ್ನು. ಸದ್ದಿಗೆ ಹೆದರಬಾರದೆಂದು ಮಿಕ್ಸಿಯನ್ನು ಖಾಲಿ ಓಡಿಸಿ ಅಭ್ಯಾಸ ಮಾಡಿಸಿದ್ದೂ ಆಯಿತು. ಗುಬ್ಬಿಗೆ ನಿಯಮವೆಂದರೆ ಪ್ರಾಣ, ಒಂದು ಸಲ ಹೇಳಿದರೆ ಸಾಕಿತ್ತು. ಇಂಥ ವಿದ್ಯಾರ್ಥಿನಿ ಕೆಲಸದಲ್ಲಿದ್ದಾಗ ಸಿಗಲಿಲ್ಲವಲ್ಲ ಎಂದು ಅಜ್ಜಿಗೆ ಹೊಟ್ಟೆಯುರಿಯಿತು. ಸೊಸೆಗೆ ಹೇಳುವ ಗೋಜಿಗೆ ಅವರು ಹೋಗಲಿಲ್ಲ. ಫಲಿತಾಂಶ ಬಂದಾಗ ತಾನೇ ಗೊತ್ತಾಗುತ್ತದೆ.

ತಜ್ಞೆಯ ಕೋಣೆಯಲ್ಲಿ ಒಂದು ಗಿಡ್ಡ ಮೇಜು, ಮರದ ತುಂಡುಗಳು, ಕಟಕಟ ಎನ್ನುವ ಫ್ಯಾನು ಇದ್ದವು. ಅತ್ತೆ ಸೊಸೆ ಇಬ್ಬರೂ ಗೋಡೆಗೆ ಒರಗಿಸಿದ ಕುರ್ಚಿಗಳಲ್ಲಿ ಕುಳಿತರು. ಗುಬ್ಬಿ ತಜ್ಞೆಯ ಹುಬ್ಬುಗಳ ನಡುವೆ ನೋಡುತ್ತ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಕಪಾಟಿಗೆ ದೊಡ್ಡದೊಂದು ಹಿತ್ತಾಳೆ ಬೀಗ ಹಾಕಿತ್ತು. ಗುಬ್ಬಿ ಅದನ್ನು ಕಂಡಳು, ಗುಟುಕು ನೀರು ಕುಡಿದಳು, ಚಿತ್ರ ಬರೆಯುವುದು ಇಷ್ಟ ಎಂದಳು. ಅಜ್ಜಿ ಹಿಗ್ಗಿ ಹೀರೇಕಾಯಿಯಾದರು.

ಬಹಳ ಹೊತ್ತಿನ ಮೇಲೆ ತಜ್ಞೆ ಪೆನ್ನು ಕೆಳಗಿಟ್ಟಳು. "ಶಾಲೆಯವ್ರು ಹೇಳಿರೋದು ಯಾವ್ದೂ ನನಗೆ ಕಾಣ್ತಿಲ್ಲ. ಸಹಾಯಕ್ಕೆ ಟೀಚರ್ ಬೇಕು ಅಂತ ಬರೆಯೋಕಾಗಲ್ಲ."

"ನೋಡಿದ್ಯಾ!" ಎಂದು ಅಜ್ಜಿ ಸೊಸೆಯ ಕಡೆ ತಿರುಗಿದರು. ಸೊಸೆಯ ಮುಖದಲ್ಲಿ ರಕ್ತವಿರಲಿಲ್ಲ.

"ಅತ್ತೆ, ಬರ್ಕೊಡ್ದಿದ್ರೆ ಇವ್ಳನ್ನ ಶಾಲೆಯಿಂದ ತೆಗೀತಾರೆ."

"ಪಾಸಾದ್ರೂನಾ?"

"ಇದ್ರಲ್ಲಿ ಪಾಸು ಫೇಲು ಎಲ್ಲಿಂದ ಬಂತು ಅತ್ತೆ? ಅವ್ಳಿಗೆ ಏನು ಕಷ್ಟ ಅಂತ ನೋಡೋಕೆ ಬಂದಿರೋದು ನಾವು."

ತಾವು ಪಾಸು ಮಾಡಿಸಿದ್ದೇ ತಪ್ಪೆಂದು ಅಜ್ಜಿಗೆ ಅರ್ಥವಾಯಿತು. ಸುಮ್ಮನಿದ್ದರೆ ಮರ್ಯಾದೆ ಉಳಿಯುತ್ತಿತ್ತು, ಶಾಲೆ ಹೋಗುತ್ತಿತ್ತು. ಅವರು ಎದ್ದು ನಿಂತರು. ಪಾಠದ ವಿಷಯವನ್ನು ಮಿಕ್ಸಿಯ ಸಮೇತ ಒಪ್ಪಿಸಿದರು. ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅಜ್ಜಿಗೆ ತಿಳಿಯಲಿಲ್ಲ.

"ಹಾಗಾದ್ರೆ ಪಾಠ ಮುಗೀತು ಅಂತ ನೀವೇ ಅವ್ಳಿಗೆ ಹೇಳ್ಬೇಕು ಮೇಡಂ," ಎಂದಳು ತಜ್ಞೆ. "ನಾನು ಹೇಳಿದ್ರೆ ನಂಬಲ್ಲ."

"ಗುಬ್ಬಿ, ಪಾಠ ಮುಗೀತಮ್ಮ. ಇನ್ನು ನಿಂಗೆ ಹೇಗೆ ಬೇಕೋ ಹಾಗಿರು."

ಗುಬ್ಬಿಗೆ ಅನುಮಾನ. "ತಪ್ಪಾದ್ರೆ?"

"ಆಗ್ಲಿ."

ಗುಬ್ಬಿ ಮೊದಲು ಎರಡೂ ಕಿವಿ ಮುಚ್ಚಿಕೊಂಡಳು. ಆ ಫ್ಯಾನು ಅಷ್ಟು ಹೊತ್ತೂ ಅವಳನ್ನು ಕೊರೆಯುತ್ತಿತ್ತೆಂದು ಅಜ್ಜಿಗೆ ಆಗ ಹೊಳೆದು ತಮ್ಮ ಮೇಲೆಯೇ ಅಸಹ್ಯವಾಯಿತು. ತಜ್ಞೆ ಫ್ಯಾನು ಆರಿಸಿದಳು. ಗುಬ್ಬಿ ಮೇಜಿನ ಕೆಳಗೆ ಇಳಿದಳು. ಅಲ್ಲಿಂದಲೇ ಕಪಾಟಿನ ಬೀಗದೊಳಗಿನ ಲಿವರುಗಳು, ಸ್ಪ್ರಿಂಗು, ಅದನ್ನು ಹಾಕಿದವರ ಅಜಾಗರೂಕತೆ ಎಲ್ಲವನ್ನೂ ವಿವರಿಸಿದಳು. ಮೂವರು ದೊಡ್ಡವರೂ ಬೆವರುತ್ತ ಕೇಳಿದರು. ತಜ್ಞೆ ನಡುನಡುವೆ ಪ್ರಶ್ನೆ ಹಾಕುತ್ತ, ಉತ್ತರ ಬಾರದಿದ್ದಾಗ ಕಾಯುತ್ತ ಬರೆದುಕೊಂಡಳು. ಕೊನೆಗೆ, ಟೀಚರ್ ಬೇಕೇ ಬೇಕು, ಹಾಗೇ ಬರೆದುಕೊಡುತ್ತೇನೆ ಎಂದು ಸೊಸೆಗೆ ಹೇಳಿದಳು. ಸೊಸೆ ಉಸಿರು ಬಿಟ್ಟಳು.

ತಜ್ಞೆ ಮೇಜಿನ ಕೆಳಗೆ ಬಗ್ಗಿದಳು. "ಇನ್ನೊಂದೇ ಪ್ರಶ್ನೆ. ಶಾಲೇಲಿ ನಿಂಗೆ ಫ್ರೆಂಡ್ ಇದಾರಾ?"

"ಇಲ್ಲ."

"ಬೇಡ್ವಾ?"

"ಬೇಕು," ಎಂದಳು ಗುಬ್ಬಿ. "ಅಜ್ಜಿ ಇನ್ನೂ ಆ ಪಾಠ ಮಾಡಿಲ್ಲ."

ತಜ್ಞೆ, ಸೊಸೆ ಇಬ್ಬರೂ ಅಜ್ಜಿಯ ಕಡೆ ನೋಡಿದರು. ಅಜ್ಜಿಗೆ ಶಿಷ್ಯರಿದ್ದರು, ಸಹೋದ್ಯೋಗಿಗಳಿದ್ದರು, ದಾರಿಯಲ್ಲಿ ಕಂಡರೆ ನಮಸ್ಕಾರ ಹೇಳುವವರು ಬೀದಿ ತುಂಬ ಇದ್ದರು. ಆ ಪಾಠ ಮಾತ್ರ ಅವರಿಗೂ ಬರುತ್ತಿರಲಿಲ್ಲ.