ಬಿಳಿಕಣಗಳು ಹಿಡಿದಿಟ್ಟದ್ದು

ರಾತ್ರಿ ಮಳೆ ಬಂದು ಹೋಗಿತ್ತು. ಬೆಳಗಾಗುವಷ್ಟರಲ್ಲಿ ಗಾಳಿ ಎದ್ದು ಬೀದಿಯನ್ನೆಲ್ಲ ಒರೆಸಿಟ್ಟಂತೆ ಒಣಗಿಸಿಬಿಟ್ಟಿತ್ತು. ಮಳೆ ಬಂದದ್ದೇ ಸುಳ್ಳೇನೋ ಅನ್ನಬೇಕು, ಹಾಗೆ. ಆಸ್ಪತ್ರೆಯ ಗೇಟು ದಾಟುವಾಗ ರಕ್ತದಮ್ಮ ಹಳೆಯ ಇಟ್ಟಿಗೆ ಗೋಡೆಯ ಮೇಲೆ ಸುಮ್ಮನೆ ಕೈಯಿಟ್ಟಳು. ಗೋಡೆ ಇನ್ನೂ ತಣ್ಣಗೆ ಒದ್ದೆಯಾಗಿತ್ತು.

ರಕ್ತದಮ್ಮ ಅಂದರೆ ಅಲ್ಲಿನ ಲ್ಯಾಬಿನ ಹೆಂಗಸು. ಸೂಜಿ ಚುಚ್ಚಿದ್ದೇ ಗೊತ್ತಾಗದಂತೆ ರಕ್ತ ತೆಗೆಯುತ್ತಾಳೆಂದು ರೋಗಿಗಳು ಪ್ರೀತಿಯಿಂದ ಇಟ್ಟ ಹೆಸರು. ಎಚ್‌ಐವಿ ಇರುವವರು ದಿನಾ ನುಂಗುವ ಮಾತ್ರೆ ಅವರ ಮೈಯೊಳಗೆ ಎಷ್ಟು ಉಳಿದಿದೆ ಎಂದು ಅಳೆಯುವುದು ಅವಳ ಕೆಲಸ. ಎಷ್ಟೋ ವರ್ಷದಿಂದ ಅದನ್ನೇ ಮಾಡುತ್ತಿದ್ದರೂ, ಯಂತ್ರದ ಗುಂಡಿ ಒತ್ತುವ ಮೊದಲು ಒಂದು ಗಳಿಗೆ ಕಣ್ಣು ಮುಚ್ಚುವುದನ್ನು ಅವಳು ಬಿಟ್ಟಿರಲಿಲ್ಲ.

ಬಾಗಿಲಲ್ಲೇ ಡಾಕ್ಟರು ಕಾದಿದ್ದರು. ಮುಖ ಗಂಟಿಕ್ಕಿತ್ತು.

"ಟೈಲರಮ್ಮನ ರಿಪೋರ್ಟು ನೋಡಿದ್ರಾ? ನಿನ್ನೆ ತೆಗೆದ ರಕ್ತದಲ್ಲಿ ಮದ್ದೇ ಇಲ್ಲ ಅನ್ಬೇಕು. ದಿನಾ ತಗೋತೀಯಾ ಅಂತ ಕೇಳಿದೆ. ತಗೋತೀನಿ ಅಂತ ಸುಳ್ಳು ಹೇಳಿದ್ರೆ ಬೈದು ಕಳಿಸ್ತಿದ್ದೆ. ತುಟಿಪಿಟಕ್ ಅನ್ನಲಿಲ್ಲ. ತಿಂಗಳುಗಟ್ಟಲೆ ಬಿಟ್ಟಿದ್ರೆ ಈ ಮಾತ್ರೆ ಇನ್ನು ನಾಟೋದಿಲ್ಲ. ಹಳೇ ಮದ್ದಿಗೇ ಹಾಕ್ಬೇಕು."

ರಕ್ತದಮ್ಮನಿಗೆ ಹಿಂದಿನದು ನೆನಪಾಯಿತು. ಆ ಹಳೇ ಮದ್ದು ತೆಗೆದುಕೊಳ್ಳುತ್ತಿದ್ದ ದಿನಗಳಲ್ಲಿ ಟೈಲರಮ್ಮನ ಬೆರಳುಗಳು ಜೋಮು ಹಿಡಿದು, ಸೂಜಿ ಕೈಯಲ್ಲಿದೆಯೋ ನೆಲಕ್ಕೆ ಬಿತ್ತೋ ಗೊತ್ತಾಗುತ್ತಿರಲಿಲ್ಲ. ಹೊಲಿಗೆಯೊಂದನ್ನೇ ನಂಬಿ ತಂಗಿಯ ಮಕ್ಕಳನ್ನು ಸಾಕುತ್ತಿದ್ದ ಹೆಂಗಸು. ಬೆರಳು ಹೋದರೆ ಆ ಮನೆಯ ಒಲೆಯೇ ಆರಿದಂತೆ.

"ಮಧ್ಯಾಹ್ನದವರೆಗೆ ತಡೀರಿ ಡಾಕ್ಟ್ರೇ. ನಾವು ರಕ್ತದ ನೀರು ಮಾತ್ರ ನೋಡಿದೀವಿ. ಬಿಳಿಕಣದೊಳಗೆ ನೋಡಿಲ್ಲ."

"ಕಣದ ಸರದಿ ತಿಂಗಳ ಕೊನೆಗಲ್ವಾ?"

"ಸರದಿ ಮುರಿದದ್ದಕ್ಕೂ ಬೈರಿ. ಅವಳನ್ನ ಬೈಯುವಾಗ ನಂದೂ ಸೇರಿಸಿ ಒಂದೇ ಸಲ ಮುಗಿಸಿಬಿಡಿ."

ಡಾಕ್ಟರು ನಗು ತಡೆದುಕೊಂಡು ಹೊರಟುಹೋದರು.

ಕಣಗಳನ್ನು ನಿನ್ನೆಯೇ ಬೇರ್ಪಡಿಸಿ ಹಿಮದಲ್ಲಿಟ್ಟಿದ್ದಳು. ಅದು ಅವಸರದ ಕೆಲಸವಲ್ಲ. ಗಾಜಿನ ನಳಿಕೆಯಲ್ಲಿ ಭಾರದ ದ್ರವವೊಂದನ್ನು ಹಾಕಿ, ಅದರ ಮೇಲೆ ರಕ್ತವನ್ನು ಮಲಗಿದ ಮಗುವಿಗೆ ಹೊದಿಸಿದಂತೆ ಮೆಲ್ಲಗೆ ಇಳಿಬಿಡಬೇಕು. ಆಮೇಲೆ ಯಂತ್ರ ಅದನ್ನು ಗಿರಗಿರನೆ ತಿರುಗಿಸುತ್ತದೆ. ನಿಲ್ಲಿಸುವಾಗ ಮಾತ್ರ ಬ್ರೇಕು ಹಾಕುವಂತಿಲ್ಲ; ಒಂದು ಜರ್ಕು ಹೊಡೆದರೆ ಎಲ್ಲ ಕಲಸಿಹೋಗುತ್ತದೆ. ಅದು ತಾನಾಗಿಯೇ ಸುಸ್ತಾಗಿ ನಿಲ್ಲಬೇಕು. ಹೆಪ್ಪು ಹಾಕಿಟ್ಟ ಪಾತ್ರೆಯ ಹತ್ತಿರ ಯಾರನ್ನೂ ಸುಳಿಯಗೊಡದಿದ್ದ ತನ್ನ ಅಜ್ಜಿಯನ್ನು ನೆನೆಯುತ್ತ ರಕ್ತದಮ್ಮ ಮಡಿಲಲ್ಲಿ ಕೈಯಿಟ್ಟು ಕೂತಿರುತ್ತಾಳೆ. ಮುಚ್ಚಳ ತೆಗೆದರೆ ತಳದಲ್ಲಿ ಕೆಂಪು, ಮೇಲೆ ಹೊಂಬಣ್ಣದ ನೀರು, ನಡುವೆ ಬೆಳ್ಳಗೆ, ಉಸಿರು ಬಿಟ್ಟರೆ ಚದುರೀತು ಎನ್ನುವಂಥ ತೆಳ್ಳನೆಯ ಉಂಗುರ. ರೋಗ ಹೊಕ್ಕು ಮನೆ ಮಾಡಿಕೊಳ್ಳುವುದು ಈ ಉಂಗುರದ ಬಿಳಿಕಣಗಳಲ್ಲೇ. ಮದ್ದು ಕಾವಲು ಕೂರಬೇಕಾದದ್ದೂ ಅಲ್ಲೇ.

ಇವತ್ತು ಆ ಕಣಗಳ ಗೋಡೆ ಒಡೆದು, ಒಳಗಿದ್ದದ್ದನ್ನು ಸೋಸಿ, ಅಳೆಯುವ ಯಂತ್ರಕ್ಕೆ ಕೊಟ್ಟಳು. ಕಣ್ಣು ಮುಚ್ಚಿದಳು. ಗುಂಡಿ ಒತ್ತಿದಳು.

ಪರದೆಯ ಮೇಲೆ ಗೆರೆ ಬಹಳ ಹೊತ್ತು ನೆಲ ಹಿಡಿದೇ ಹೋಯಿತು. ಮುಗಿಯಿತು, ಇಲ್ಲೂ ಏನಿಲ್ಲ ಅಂದುಕೊಳ್ಳುವಷ್ಟರಲ್ಲಿ ಎದ್ದಿತು. ಎದ್ದು, ದಿನಾ ತಪ್ಪದೆ ಮಾತ್ರೆ ನುಂಗುವವರ ಗೆರೆ ಎಲ್ಲಿಗೆ ಮುಟ್ಟುತ್ತದೋ ಹೆಚ್ಚುಕಡಿಮೆ ಅಲ್ಲಿಗೇ ಹೋಗಿ ನಿಂತಿತು. ಎಲ್ಲಿ ತಪ್ಪಿದೆನೋ ಎಂದು ಇನ್ನೊಮ್ಮೆ ಹಾಕಿದಳು. ಮತ್ತೆ ಅಷ್ಟೇ.

ಅವಳು ಕುರ್ಚಿಗೆ ಒರಗಿದಳು. ಕಣ್ಣಿಗೂ ಕಾಣದಷ್ಟು ಸಣ್ಣ ಕೋಣೆ; ಅದಕ್ಕೊಂದು ಗೋಡೆ, ಗೋಡೆಯೊಳಗೆ ಇಷ್ಟಿಷ್ಟೇ ಕೂಡಿಟ್ಟ ಮದ್ದು. ಹೊರಗಿನ ಹರಿವಿನಲ್ಲಿ ಎಲ್ಲ ತೊಳೆದುಹೋದ ಮೇಲೂ ಅದು ಕಾಪಾಡಿಕೊಂಡಿತ್ತು. ಯಾರು ಕಲಿಸಿದರು ಇದಕ್ಕೆ ಹೀಗೆ ಹಿಡಿದಿಟ್ಟುಕೊಳ್ಳುವುದನ್ನು? ತನಗೆ ತಿಳಿಯದೆಯೇ ಅವಳು ಕೈ ಜೋಡಿಸಿದ್ದಳು.

ಹಾಳೆ ನೋಡಿ ಡಾಕ್ಟರು ಕನ್ನಡಕ ತೆಗೆದರು. "ಇಷ್ಟೊಂದಾ?"

"ರಕ್ತದ ನೀರಿಗೆ ಮೊನ್ನೆ ಮೊನ್ನೆಯದಷ್ಟೇ ಗೊತ್ತು ಡಾಕ್ಟ್ರೇ. ಕಣದಲ್ಲಿ ಇಷ್ಟು ಸೇರಬೇಕಾದ್ರೆ ತಿಂಗಳಾನುಗಟ್ಟಲೆ ದಿನಾ ನುಂಗಿರಬೇಕು. ಈಗ ಕೆಲವು ದಿನ ಮಾತ್ರ ತಪ್ಪಿದೆ."

ಟೈಲರಮ್ಮನನ್ನು ಒಳಗೆ ಕರೆದರು. ಅವಳು ಸೆರಗಿನ ತುದಿಯನ್ನು ಬೆರಳುಗಳ ನಡುವೆ ಹೊಸೆಯುತ್ತ, ಈ ಬೆರಳುಗಳಿಗೆ ಇದೇ ಕೊನೆಯೇನೋ ಎಂಬಂತೆ ಅವನ್ನೇ ನೋಡುತ್ತ ಕೂತಳು.

"ಮದ್ದು ಬದಲಾಯಿಸಲ್ಲ," ಎಂದರು ಡಾಕ್ಟರು. "ಇದೇ ಮಾತ್ರೆ. ಇವತ್ತಿಂದ್ಲೇ ಶುರು ಮಾಡು. ಈ ಕೆಲವು ದಿನದ ಮಾತ್ರೆ ಎಲ್ಲಿಗೆ ಹೋಯ್ತು ಅಂತ ನಾನು ಕೇಳಲ್ಲ. ಇನ್ನೊಂದ್ಸಲ ಏನೇ ತೊಂದ್ರೆ ಬರಲಿ, ಯಾರಿಗೇ ಬರಲಿ, ಮೊದಲು ಇಲ್ಲಿಗೆ ಫೋನ್ ಮಾಡು. ನಿನ್ನಷ್ಟಕ್ಕೆ ನೀನೇ ಡಾಕ್ಟರಾಗಬೇಡ."

ಅವಳು ತಲೆಯಾಡಿಸಿದಳು. ಕಣ್ಣುಗಳು ತುಂಬಿದ್ದವು. ಹೊರಗೆ ಬಂದ ಮೇಲೆ ರಕ್ತದಮ್ಮನ ಕೈ ಹಿಡಿದು ಹೆದರುತ್ತಲೇ ಕೇಳಿದಳು:

"ಆ ಕಣ ಎಲ್ಲಾನೂ ಹೇಳಿಬಿಡುತ್ತಾ ರಕ್ತದಮ್ಮ?"

"ಎಷ್ಟಿದೆ ಅಂತ ಹೇಳುತ್ತೆ. ಯಾಕೆ ಅಂತ ಹೇಳಲ್ಲ."

"ಸದ್ಯ. ಗುಟ್ಟು ಕಾಯೋದ್ರಲ್ಲಿ ನನಗಿಂತ ಅದೇ ವಾಸಿ."

ಅವಳು ಔಷಧಿ ಕೌಂಟರಿನ ಮುಂದಿನ ಬೆಂಚಿಗೆ ಹೋಗಿ ಕೂತಳು. ರಕ್ತದಮ್ಮ ಖಾಲಿ ನಳಿಕೆಗಳ ತಟ್ಟೆ ಹಿಡಿದು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಾಗ, ಮೈಯೆಲ್ಲ ರಸ್ತೆಯ ಧೂಳಾಗಿದ್ದ ಗಂಡಸೊಬ್ಬ ಕೌಂಟರಿನಿಂದ ಮಾತ್ರೆಯ ಡಬ್ಬಿ ತೆಗೆದುಕೊಂಡು ಬಂದು ಆ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಲಾರಿಯಣ್ಣ. ಅವನೂ ಅಲ್ಲಿನ ಹಳೆಯ ರೋಗಿ, ಅದೇ ಮಾತ್ರೆ ನುಂಗುವವನು.

"ಅವತ್ತು ಮಾತ್ರೆಯಿದ್ದ ಬ್ಯಾಗು ಕಳ್ಳನ ಪಾಲು, ಕೌಂಟರಿಗೆ ಬೀಗ, ಲಾರಿ ನೋಡಿದ್ರೆ ಹೊರಟು ನಿಂತಿತ್ತು. ದಾರಿಯುದ್ದಕ್ಕೂ ನಿನ್ನ ಮಾತ್ರೆಯಲ್ಲೇ ಬದುಕಿದೆ ಅಕ್ಕ."

"ಮೆಲ್ಲಗೆ ಮಾತಾಡೋ ತಮ್ಮ. ಇಲ್ಲೇನು ಲಾರಿ ಓಡಿಸ್ತಿದ್ದೀಯಾ?"

"ನಿನಗೇ ತೊಂದ್ರೆ ಆಯ್ತೇನೋ. ನನ್ನ ಹೆಸರು ಹೇಳ್ಬೇಕಾಗುತ್ತೆ ಅಂತ ಇಲ್ಲಿ ಬೇರೆ ಮಾತ್ರೆನೂ ಕೇಳಿಲ್ಲ ನೀನು."

"ನನಗೇನು, ಮನೆ ಆಸ್ಪತ್ರೆ ಪಕ್ಕದ ಬೀದಿ. ನಿನ್ನ ದಾರಿ ದೂರ ಇತ್ತು."

ರಕ್ತದಮ್ಮ ನಳಿಕೆಗಳು ಸದ್ದು ಮಾಡದಂತೆ ತಟ್ಟೆಯನ್ನು ಎದೆಗೆ ಒತ್ತಿಹಿಡಿದಳು. ಅವಳು ಅಲ್ಲಾಡದೆ ನಿಂತಳು.

ಲಾರಿಯಣ್ಣ ಡಬ್ಬಿಯ ಮುಚ್ಚಳ ತಿರುಗಿಸಿ, ಅಂಗೈಗೆ ಒಂದಿಷ್ಟು ಮಾತ್ರೆ ಸುರಿದುಕೊಂಡು, ಟೈಲರಮ್ಮ ಅವತ್ತು ಕೊಟ್ಟಷ್ಟನ್ನೇ ಎಣಿಸಿ, ಬೆಂಚಿನ ಮೇಲೆ ಚಾಚಿಟ್ಟಿದ್ದ ಅವಳ ಕೈಯೊಳಗೆ ಸದ್ದಾಗದಂತೆ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಚಿದ.