ಎರಡು ಬ್ಯಾಟರಿಯ ಬೋಟು

ಮಗಳ ಒಂದು ಜಡೆ ಮುಗಿದು, ಇನ್ನೊಂದಕ್ಕೆ ಕೂದಲನ್ನು ಮೂರು ಪಾಲು ಮಾಡುವಷ್ಟರಲ್ಲಿ ಮಾವನ ಫೋನು ಬಡಿದುಕೊಂಡಿತು. ಬಾಚಣಿಗೆಯನ್ನು ಅವಳ ತಲೆಯಲ್ಲೇ ಸಿಕ್ಕಿಸಿ ಸೊಸೆ ಫೋನೆತ್ತಿದಳು.

“ಯಜಮಾನ್ರಿಗೆ ಕೊಡೀಮ್ಮ. ನನ್ನ ಬೋಟಿಗೆ ಎರಡನೇ ಬ್ಯಾಟರಿ ಹಾಕ್ಕೊಡ್ತೀನಿ ಅಂದಿದ್ರು.”

“ಮಾವ ನಿನ್ನೆ ಬೆಳಿಗ್ಗೆ ಹೋಗ್ಬಿಟ್ರು. ಇವತ್ತು ಹತ್ತು ಗಂಟೆಗೆ ಮಣ್ಣು.”

“ಅಯ್ಯೋ, ಮೊನ್ನೆ ಸಂಜೆ ಹುಟ್ಟು ಹಾಕ್ಕೊಂಡು ಬರ್ತಿದ್ರಲ್ಲ! ಇಂಜಿನ್ನಿಗೆ ಏನಾಗಿತ್ತು?”

“ಬ್ಯಾಟರಿ ಡೌನ್ ಆಗಿತ್ತಂತೆ.”

“ಅವ್ರ ಬೋಟಿನದ್ದಾ?”

ಮೊಣಕಾಲುಗಳ ನಡುವೆ ಕೂತಿದ್ದ ಮಗಳ ಭುಜ ಸೆಟೆದುಕೊಂಡಿತು.

ಫೋನು ಮಾಡಿದವನು ಬೆರಗಾದದ್ದರಲ್ಲಿ ತಪ್ಪಿರಲಿಲ್ಲ. ಮೂವತ್ತು ವರ್ಷ ಮಾವ ಮಾಡಿದ್ದು ಇದೊಂದೇ ಕೆಲಸ. ಸಣ್ಣ ಬೋಟುಗಳಿಗೆ ಎರಡು ಬ್ಯಾಟರಿ ಕೂರಿಸುವುದು: ಒಂದು ಇಂಜಿನ್ ಎಬ್ಬಿಸಲು ಮಾತ್ರ, ಇನ್ನೊಂದು ದೀಪ, ಫ್ಯಾನು, ರೇಡಿಯೊಗೆ. ನಡುವೆ ಎರಡನ್ನೂ ಸೇರಿಸಲು, ಬೇರ್ಪಡಿಸಲು ಒಂದು ತಿರುಗಿಸುವ ಸ್ವಿಚ್ಚು. “ಬೋಟು ನಿಂತಾಗ ಎರಡನ್ನೂ ಸೇರಿಸಿ ಬಿಟ್ರೆ ಇಂಜಿನ್ನಿನ ಪಾಲನ್ನೂ ಫ್ಯಾನೇ ತಿನ್ನತ್ತೆ, ಬಿತ್ತನೆ ಬೀಜ ಬೇಯಿಸಿ ತಿಂದ ಹಾಗೆ,” ಎಂದು ಪ್ರತಿ ಗಿರಾಕಿಯ ಕೈಯನ್ನೂ ಸ್ವಿಚ್ಚಿನ ಮೇಲಿಡಿಸಿ ಹೇಳುತ್ತಿದ್ದರು. ತಮ್ಮ ಬೋಟಿಗೆ ಮಾತ್ರ ಗಿರಾಕಿಗಳು ಬಿಟ್ಟುಹೋದ ಹಳೆಯ ಬ್ಯಾಟರಿಗಳೇ.

*

ಮೊನ್ನೆ ಸಂಜೆ ಅಜ್ಜ ಮೊಮ್ಮಗಳು ಬೋಟಿನಿಂದ ಬಂದಾಗ ಮಾವನ ಅಂಗೈ ತುಂಬ ಬೊಬ್ಬೆಗಳು. ಎರಡು ಗಂಟೆ ಹುಟ್ಟು ಹಾಕಿದ್ದರು.

“ಸ್ವಿಚ್ಚು ತಿರುಗಿಸೋದು ಮರೆತೆ ಕಣಮ್ಮ,” ಎಂದರು, ಯಾರ ಮುಖವನ್ನೂ ನೋಡದೆ. “ವಯಸ್ಸಾಯ್ತು.”

ಸೊಸೆ ಅವರ ಕೈಗೆ ಎಣ್ಣೆ ಹಚ್ಚಿದಳು. ಗ್ಯಾಸ್ ಬಂದ್ ಮಾಡಿದೆಯಾ ಎಂದು ದಿನಕ್ಕೆ ಮೂರು ಸಲ ಕೇಳುವ ಮನುಷ್ಯ ಇವರು! ಎದುರಿಗೆ ಊಟಕ್ಕೆ ಕೂತಿದ್ದ ಒಂಬತ್ತು ವರ್ಷದ ಮಗಳು ಬಾಯಿಯ ತುತ್ತನ್ನು ಅಗಿಯುವುದನ್ನೇ ನಿಲ್ಲಿಸಿದ್ದಳು. ತಾಯಿಗೆ ಆಗಲೇ ಅರ್ಥವಾಯಿತು. ಬೆಳಿಗ್ಗೆ ಸಾವಕಾಶ ಕೇಳೋಣ ಎಂದುಕೊಂಡಳು. ಬೆಳಿಗ್ಗೆ ಮಾವ ಏಳಲಿಲ್ಲ.

ಅಂದಿನಿಂದ ಮಗಳು ಮಾತಾಡಿಲ್ಲ. ಕೆದಕಿದರೆ ಇನ್ನೂ ಒಳಕ್ಕೆ ಹೋದೀತು, ಮುಳ್ಳು ತಾನಾಗಿ ಮೇಲೆ ಬರಲಿ ಎಂದು ತಾಯಿ ಕಾಯುತ್ತಿದ್ದಳು.

*

ಮಣ್ಣು ಮುಗಿಸಿ ಬಂದವರಿಗೆ ಹಜಾರದಲ್ಲಿ ಕುರ್ಚಿ ಸಾಲಲಿಲ್ಲ. ಮೂರನೆಯ ಸಲ ಚಹಾಕ್ಕೆ ನೀರಿಟ್ಟು, ಒಲೆಯ ಕಟ್ಟೆಗೆ ಸೊಂಟ ಆನಿಸಿ ಅವಳು ಲೋಟ ತೊಳೆಯುತ್ತಿದ್ದಳು. ಒಂದು ಗಳಿಗೆ ಕೂತರೂ ಏಳಲಾರೆ ಎನ್ನಿಸಿ ಕೂರಲೇ ಇಲ್ಲ.

“ನನಗೆ ಎಷ್ಟು ಬೈದಿದ್ದ ಮಾರಾಯ,” ಹಜಾರದಿಂದ ಇಂಜಿನ್ ಮೇಸ್ತ್ರಿಯ ದನಿ ಬಂತು. ಮಾವನ ಜೊತೆ ಮೂವತ್ತು ವರ್ಷ ಜಗಳವಾಡಿದ ಗೆಳೆಯ. “ಒಂದು ಸಲ ಸ್ವಿಚ್ಚು ಮರೆತಿದ್ದಕ್ಕೆ, ನಿನಗೆ ಬೋಟು ಯಾಕೆ, ಬಕೆಟ್ಟಲ್ಲಿ ಕೂತ್ಕೋ ಅಂದಿದ್ದ!”

ಎಲ್ಲರೂ ನಕ್ಕರು.

“ಕೊನೆಗೆ ಅವ್ರೇ ಸ್ವಿಚ್ಚು ಮರೆತ್ರಂತೆ, ದೀಪದ ಬುಡದಲ್ಲೇ ಕತ್ತಲೆ ನೋಡು,” ಎಂದ ಬೋಟಿಗೆ ಬಣ್ಣ ಬಳಿಯುವವನು. “ತಲೆ ಸ್ವಲ್ಪ ಮಂಕಾಗಿತ್ತೇನೋ. ಹೋದ ವಾರ ನನ್ನ ಬೋಟಿಗೂ ವೈರು ಎಳೆದಿದ್ದಾರೆ. ಇನ್ನೊಮ್ಮೆ ಬೇರೆಯವರಿಗೆ ತೋರಿಸ್ಬೇಕು.”

“ಹೂಂ, ನಾನೂ ತೋರಿಸ್ತೀನಿ,” ಎಂದಿತು ಇನ್ನೊಂದು ದನಿ.

“ಅಜ್ಜ ಮರೀಲಿಲ್ಲ!”

ಸೊಸೆ ಲೋಟ ಬಿಟ್ಟು ಹೊರಗೆ ಬಂದಳು. ಬಿಸ್ಕತ್ತಿನ ತಟ್ಟೆ ಹಿಡಿದು ಮಗಳು ಹಜಾರದ ನಡುವೆ ನಿಂತಿದ್ದಳು.

“ನಾನೇ ತಿರುಗಿಸಿದ್ದು. ಎರಡೂ ಸೇರಿದ್ರೆ ಫ್ಯಾನು ಜೋರಾಗಿ ತಿರುಗತ್ತೆ ಅಂತ. ಅಜ್ಜ ಮಲಗಿದ್ರು. ಅವ್ರ ವೈರು ಸರಿಯಾಗೇ ಇದೆ. ಯಾರಿಗೂ ತೋರಿಸ್ಬೇಡಿ.”

ಬಣ್ಣದವನು ತಲೆ ತಗ್ಗಿಸಿದ. ಮೇಸ್ತ್ರಿ ಎದ್ದುಬಂದು ತಟ್ಟೆ ತೆಗೆದುಕೊಂಡು ಎದೆಗೊತ್ತಿಕೊಂಡ. ಅದನ್ನು ಎಲ್ಲಿಡಬೇಕೆಂದು ಅವನಿಗೆ ತೋಚಲಿಲ್ಲ.

ತಾಯಿ ಮಗಳೆದುರು ಕುಕ್ಕರುಗಾಲಲ್ಲಿ ಕೂತಳು. ಡಾಕ್ಟರು ಹೇಳಿದ್ದು, ಹೃದಯ ಮೊದಲೇ ಸೋತಿದ್ದು, ಎಲ್ಲವನ್ನೂ ನಿನ್ನೆಯಿಂದ ಮನಸ್ಸಿನಲ್ಲೇ ಜೋಡಿಸಿಟ್ಟಿದ್ದಳು. ಮಗಳು ಅವಳ ಒದ್ದೆ ಕೈ ಹಿಡಿದು, ಅಂಗೈಯನ್ನು ಮೇಲೆ ಮಾಡಿ ನೋಡಿದಳು.

“ಅಮ್ಮಾ, ಅಷ್ಟು ದೂರ ಹುಟ್ಟು ಹಾಕಿದ್ದಕ್ಕೇ ಅಜ್ಜ ಸತ್ತುಹೋದ್ರಾ?”