ಸದ್ದಿಲ್ಲದ ಸ್ವಿಚ್ಚು

"ಸದ್ದ್ ಬಪ್ಪುಕಾಗ, ಅಷ್ಟೇ," ಎಂದ ಜಿತೇಂದ್ರ.

ಅಂಗಡಿಯ ಗೋವರ್ಧನ ಆರನೆಯ ಸ್ವಿಚ್ಚನ್ನೂ ಕೆಳಗಿಟ್ಟ. ಕೌಂಟರಿನ ಮೇಲೆ ಬಿಳಿ ಪ್ಲೇಟುಗಳು ಹರಡಿಕೊಂಡಿದ್ದವು, ಒಂದಕ್ಕಿಂತ ಒಂದು ತೆಳು. ಜಿತೇಂದ್ರ ಪ್ರತಿಯೊಂದನ್ನೂ ಕಿವಿಯ ಹತ್ತಿರ ಹಿಡಿದು ಒತ್ತಿ ನೋಡಿದ್ದ. ಕಣ್ಣಿನಿಂದ ಸ್ವಿಚ್ಚು ಆರಿಸುವವರು, ರೇಟಿನಿಂದ ಆರಿಸುವವರು ಕುಂದಾಪುರದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಕಿವಿಯಿಂದ ಆರಿಸುವ ಗಿರಾಕಿ ಗೋವರ್ಧನನಿಗೆ ಹೊಸಬ.

"ಸರ್, ಸ್ವಿಚ್ ಅಂದ್ಮೇಲೆ ಟಕ್ ಅಂಬ್ದೇ. ಸದ್ದ್ ಬಂದ್ರೆ ಬಿತ್ತ್ ಅಂತ ಗೊತ್ತಾಪ್ದ್."

"ಲೈಟ್ ಹತ್ತಿದ್ರೆ ಗೊತ್ತಾತಿಲ್ಯಾ?"

ಗೋವರ್ಧನ ನಕ್ಕು ಇನ್ನೊಂದು ಡಬ್ಬ ಬಿಚ್ಚಿದ. ಪಿಯು ಕಾಲೇಜಿನ ಭೌತಶಾಸ್ತ್ರದ ಉಪನ್ಯಾಸಕನ ಜೊತೆ ಕರೆಂಟಿನ ಬಗ್ಗೆ ವಾದ ಮಾಡಿ ಅವನಿಗೆ ಆಗಬೇಕಾದದ್ದು ಏನೂ ಇರಲಿಲ್ಲ.

ಹೆಂಡತಿ ಶ್ರೀಲತಾಳ ತಕರಾರು ಬೇರೆಯೇ. ಸ್ವಿಚ್ಚು ಸದ್ದು ಮಾಡಲಿ ಬಿಡಲಿ, ಗೋಡೆಯಲ್ಲಿ ಅದು ಇದೆಯೆಂದು ಯಾರಿಗೂ ತಿಳಿಯಬಾರದು. ತೆಕ್ಕಟ್ಟೆಯಲ್ಲಿ ಕಟ್ಟಿಸುತ್ತಿರುವ ಹೊಸಮನೆಗಾಗಿ ಅವಳು ಎರಡು ವರ್ಷದಿಂದ ಪತ್ರಿಕೆಗಳ ಚಿತ್ರ ಕತ್ತರಿಸಿಟ್ಟಿದ್ದಳು. ಬಿಳಿ ಗೋಡೆ, ಬರಿ ನೆಲ. ಕ್ಯಾಲೆಂಡರಿಲ್ಲ, ಮೊಳೆಯಿಲ್ಲ, ಫೋಟೋ ಇಲ್ಲ. ಜಿತೇಂದ್ರ ಎಲ್ಲಕ್ಕೂ ಹೂಂ ಎಂದಿದ್ದ. ಹೆಂಡತಿಯ ಮಾತು ಮೀರದವನೆಂದು ಸ್ಟಾಫ್ ರೂಮಿನಲ್ಲಿ ಅವನನ್ನು ತಮಾಷೆ ಮಾಡುತ್ತಿದ್ದರು. ಮೊಳೆಯಿಲ್ಲದ ಮನೆಯಲ್ಲಿ ಅಪ್ಪನ ಫೋಟೋ ಹಾಕುವ ಪ್ರಶ್ನೆಯೇ ಏಳುವುದಿಲ್ಲ ಎಂಬುದು ಅವನ ಸ್ವಂತ ಲೆಕ್ಕ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

"ಇಕಣಿ, ಇದ್ ಕಾಣಿ," ಎಂದು ಶ್ರೀಲತಾ ಒಂದು ಪ್ಲೇಟನ್ನು ಅಂಗಡಿಯ ಗೋಡೆಗೆ ಹಿಡಿದಳು. ಉಗುರಿನಷ್ಟೂ ದಪ್ಪವಿರಲಿಲ್ಲ. ಒತ್ತಿದರೆ ಸದ್ದೂ ಇಲ್ಲದಷ್ಟು ಮೆತ್ತಗೆ ಒಳಹೋಗಿ ಬರುತ್ತಿತ್ತು. ಇಬ್ಬರಿಗೂ ಒಪ್ಪಿಗೆಯಾಯಿತು. ಮದುವೆಯಾದ ಮೇಲೆ ಇಬ್ಬರೂ ಒಟ್ಟಿಗೆ ಇಷ್ಟಪಟ್ಟ ವಸ್ತು ಇದೇ ಇರಬೇಕು ಎಂದು ಜಿತೇಂದ್ರನಿಗೆ ಅನ್ನಿಸಿತು.

"ಒಂದ್ ಬೆಲ್ಲಿನ್ ಸ್ವಿಚ್ಚೂ ಕೊಡಿ. ಅತ್ತೆ ರೂಮಿಗೆ," ಎಂದಳು ಶ್ರೀಲತಾ.

ಜಿತೇಂದ್ರ ತಿರುಗಿ ನೋಡಿದ. "ಅದ್ ಎಂತಕೆ?"

"ಅವ್ರಿಗೆ ಸೊಂಟ ಹಿಡ್ಕಂಡ್ರೆ ಏಳುಕಾತಿಲ್ಲೆ. ಯಾರನ್ನಾರೂ ಕರೀಕಲ್ದಾ?"

"ಕೂಗಿರೆ ಕೇಣ್ತಿಲ್ಯಾ?"

"ನಿಮ್ಗ್ ಕೇಣ್ತಾ? ಓದುಕೆ ಕೂಕಂಡ್ರೆ ಮನೆ ಬಿದ್ರೂ ಗೊತ್ತಾತಿಲ್ಲೆ."

ಅವಳು ಸಹಜವಾಗಿಯೇ ಹೇಳಿದ್ದಳು. ಅವನು ಕೌಂಟರಿನ ಮೇಲಿನ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದ. ಗೋವರ್ಧನ ಗಂಟೆಯ ಚಿತ್ರವಿದ್ದ ಸ್ವಿಚ್ಚೊಂದನ್ನು ತೆಗೆದ. ಚಿತ್ರವಿಲ್ಲದ್ದು ಬೇಕೆಂದಳು ಶ್ರೀಲತಾ. ಒಳಗೆ ಹುಡುಕಿದಾಗ ಅದೂ ಸಿಕ್ಕಿತು.

ಜಿತೇಂದ್ರನ ಅಪ್ಪ ತಿಮ್ಮ ದೋಣಿಯಲ್ಲಿ ನಿಂತು ಕೂಗಿದರೆ ಅವರೂರು ಕೋಡಿಯ ದಂಡೆಗೆ ಕೇಳಿಸುತ್ತಿತ್ತು. ಲಕ್ವ ಹೊಡೆದ ಮೇಲೆ ಅವನಿಗೆ ಮಾತು ಹೋಯಿತು, ಬಲಭಾಗ ಹೋಯಿತು, ಉಳಿದದ್ದು ಎಡಗೈ. ಆಗ ಜಿತೇಂದ್ರ ಮಂಗಳೂರಿನ ಹಾಸ್ಟೆಲಿನಲ್ಲಿದ್ದು ಎಂಎಸ್ಸಿ ಓದುತ್ತಿದ್ದ. ಅವನು ರಜೆಗೆ ಬರುವಷ್ಟರಲ್ಲಿ ಅಪ್ಪನ ಮಂಚದ ಪಕ್ಕ ಗೋಡೆಯಲ್ಲಿ ಕಪ್ಪು ಗುಂಡಿಯ ಸ್ವಿಚ್ಚು, ಚಾವಡಿಯಲ್ಲಿ ಬೆಲ್ಲು ಬಂದಿದ್ದವು. ಅಪ್ಪ ಎಲ್ಲದಕ್ಕೂ ಅದನ್ನು ಒತ್ತುತ್ತಿದ್ದ. ನೀರಿಗೆ, ನೊಣಕ್ಕೆ, ಮಗ್ಗುಲು ಬದಲಿಸಲಿಕ್ಕೆ. ಹೋಗಿ ನಿಂತರೆ ಎಷ್ಟೋ ಸಲ ಸುಮ್ಮನೆ ಮುಖ ನೋಡುತ್ತಿದ್ದ. ಅಮ್ಮ ಸರೋಜ ಮೀನಿನ ಬುಟ್ಟಿ ಹೊತ್ತು ಮನೆ ಬಿಟ್ಟ ಮೇಲೆ ಬೆಲ್ಲಿಗೆ ಓಡುವ ಕೆಲಸ ಜಿತೇಂದ್ರನದ್ದು.

ಆ ರಜೆಯಲ್ಲೊಂದು ದಿನ ಮಧ್ಯಾಹ್ನದೊಳಗೆ ಅವನು ಹದಿನಾಲ್ಕು ಸಲ ಎದ್ದಿದ್ದ. ಹದಿನೈದನೆಯದಕ್ಕೆ ಏಳಲಿಲ್ಲ. ಈ ಪುಟ ಮುಗಿಯಲಿ ಎಂದುಕೊಂಡ. ಬೆಲ್ಲು ಹೊಡೆಯಿತು, ನಿಂತಿತು, ಮತ್ತೆ ಉದ್ದಕ್ಕೆ ಹೊಡೆಯತೊಡಗಿತು. ಪುಟ ಮುಗಿಯಿತು. ಇನ್ನೊಂದು ಪುಟ ತಿರುಗಿಸಿದ. ಕೊನೆಗೂ ಅದು ನಿಂತಾಗ ಅವನಿಗೆ ನೆಮ್ಮದಿಯಾಯಿತು. ಅಪ್ಪ ಸತ್ತದ್ದಕ್ಕಿಂತ ಆ ನೆಮ್ಮದಿ ನೆನಪಾದಾಗ ಅವನಿಗೆ ಹೆಚ್ಚು ಹೇಸಿಗೆಯಾಗುತ್ತದೆ.

ಅಮ್ಮ ಬಂದಾಗ, "ಕರೆಂಟ್ ಇರ್ಲಿಲ್ಲ ಅಮ್ಮ. ಬೆಲ್ ಹೊಡೀಲೇ ಇಲ್ಲ," ಎಂದಿದ್ದ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಆದರೆ ಆಗಿನ ಕರೆಂಟು ಹೇಳದೆ ಕೇಳದೆ ಹೋಗಿ ಬರುತ್ತಿತ್ತು, ಅದರ ಲೆಕ್ಕ ಇಟ್ಟವರು ಯಾರು? ನೋಡಲು ಬಂದವರಿಗೆಲ್ಲ ಅಮ್ಮ ಅದನ್ನೇ ಹೇಳಿ ಅತ್ತಳು. ಕರೆಂಟಿನವರಿಗೆ ಕೇರಿಯೇ ಶಾಪ ಹಾಕಿತು. ಹನ್ನೆರಡು ವರ್ಷದಲ್ಲಿ ಆ ಸುಳ್ಳು ಎಷ್ಟು ಗಟ್ಟಿಯಾಗಿತ್ತೆಂದರೆ ಕೆಲವು ಸಲ ಜಿತೇಂದ್ರನೇ ಅದನ್ನು ನಂಬುತ್ತಿದ್ದ.

ತೆಕ್ಕಟ್ಟೆಗೆ ಬಂದಾಗ ಗಂಟೆ ಮೂರು ದಾಟಿತ್ತು. ಹೊಸಮನೆಯ ಗೋಡೆಗಳಿಗೆ ಮೊದಲ ಕೋಟು ಬಣ್ಣವಾಗಿತ್ತು. ಸ್ವಿಚ್ಚು ಕೂರಬೇಕಾದ ತೂತುಗಳಿಂದ ವಯರಿನ ತುದಿಗಳು ಹೊರಗೆ ಬಾಗಿದ್ದವು. ಹೈವೇಯಲ್ಲಿ ಲಾರಿ ಹೋದಾಗ ಖಾಲಿ ಕೋಣೆಗಳು ಗುಂಯ್ಯೆನ್ನುತ್ತಿದ್ದವು. ಅಮ್ಮ ಆಗಲೇ ಬಸ್ಸಿನಲ್ಲಿ ಬಂದು ತನ್ನ ಕೋಣೆಯ ಕಿಟಕಿಯಲ್ಲಿ ನಿಂತಿದ್ದಳು.

ವಯರಿಂಗಿನ ಕುಷ್ಟ ಉಳಿ ಹಿಡಿದು ಕಾಯುತ್ತಿದ್ದ. ಕೋಡಿಯ ಹಳೆಯ ಮನೆಗೂ ವಯರಿಂಗ್ ಮಾಡಿದವನು ಅವನೇ. ವಯಸ್ಸು ಅರವತ್ತರ ಹತ್ತಿರ. ನಕ್ಷೆ, ಟೇಪು ಏನಿದ್ದರೂ ಅವನದ್ದೊಂದೇ ಕ್ರಮ: ಬಾಗಿಲಲ್ಲಿ ಮನೆಯವರನ್ನು ಕಣ್ಣು ಮುಚ್ಚಿಸಿ ನಡೆಸಿ, ಕೈ ಎಲ್ಲಿಗೆ ಹೋಗುತ್ತದೋ ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕುವುದು. ಮಂಚದ ಪಕ್ಕದ ಸ್ವಿಚ್ಚಾದರೆ ಅವರನ್ನು ಮಲಗಿಸಿಯೇ ಬಿಡುತ್ತಿದ್ದ.

"ಸರೋಜಕ್ಕ, ಇಲ್ಲ್ ಮನಿಕಣಿ. ಮಂಚ ಇಲ್ಲೇ ಅಲ್ದಾ ಬಪ್ದ್?" ಎಂದು ಅವನು ಎರಡು ಹಲಗೆ ಜೋಡಿಸಿ ಮೇಲೊಂದು ಗೋಣಿ ಹಾಸಿದ.

"ಬೇಡ, ಅಂದಾಜಿಗೆ ಹಾಕಿ," ಎಂದ ಜಿತೇಂದ್ರ.

"ಅಂದಾಜಿನ್ ಕೆಲ್ಸ ಅಲ್ಲ ಮಾಷ್ಟ್ರೆ ಇದ್. ಬೇಕಾಪತ್ತಿಗೆ ಕೈಗ್ ಸಿಕ್ಕುದಿಲ್ಲೆ."

ಅಮ್ಮ ಸೊಂಟ ಹಿಡಿದುಕೊಂಡು ಮಲಗಿದಳು. ಸೀರೆಯ ನೆರಿಗೆ ಕಾಲಿಗೆ ಎಳೆದುಕೊಂಡಳು. ಕಣ್ಣು ಮುಚ್ಚಿ ಎಡಗೈ ಎತ್ತಿ ಗೋಡೆಯ ಮೇಲಿಟ್ಟಳು. ಜಿತೇಂದ್ರ ಬಾಗಿಲ ಹತ್ತಿರ ನಿಂತಿದ್ದ. ಒಳಗೆ ಹೋಗಬೇಕೋ ಹೊರಗೆ ಹೋಗಬೇಕೋ ತಿಳಿಯಲಿಲ್ಲ.

ಕುಷ್ಟ ಅವಳ ಹೆಬ್ಬೆರಳು ತಾಗಿದಲ್ಲಿ ಗುರುತು ಹಾಕಿದ. "ತಿಮ್ಮಣ್ಣಂಗೂ ಹೀಂಗೇ ಮನ್ಸಿ ಹಾಕದ್ದ್, ನೆನಪಿತ್ತಾ?"

"ಹೂಂ," ಎಂದಳು ಅಮ್ಮ.

"ಒಂದ್ ಮಾತ್ ಕೇಂಕ್ ಕೇಂಕ್ ಅಂತ ಇಷ್ಟ್ ವರ್ಷ ಆಯ್ತ್. ತಿಮ್ಮಣ್ಣ ಹೋಪತ್ತಿಗೆ ನಾನ್ ಬೊಂಬಾಯಂಗಿದ್ದೆ. ಬಂದ್ಮೇಲೆ ಎಲ್ರೂ ಹೇಳ್ದ್ರ್, ಕರೆಂಟ್ ಇಲ್ದೆ ನಿನ್ ಬೆಲ್ ಹೊಡೀಲೇ ಇಲ್ಲ ಅಂತ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಬಹಳ ದಿನ ಹೊತ್ತುಕೊಂಡದ್ದನ್ನು ಇಳಿಸುವ ಹಗುರವಿತ್ತು. "ಅದ್ ಕರೆಂಟಿನ್ ಬೆಲ್ಲೇ ಅಲ್ಲ ಮಾಷ್ಟ್ರೆ. ಈ ಹಾಳ್ ಕರೆಂಟ್ ನಂಬುಕಾಗ ಅಂತ ನಾನ್ ಬ್ಯಾಟ್ರಿ ಸೆಲ್ ಹಾಕಿ ಕೊಟ್ಟದ್ದ್."

ಜಿತೇಂದ್ರನ ಕಿವಿಯಲ್ಲಿ ಲಾರಿಯ ಸದ್ದು ಉಳಿದುಬಿಟ್ಟಿತು. ಬೆಲ್ಲಿನ ಹಿಂದೆ ಏನಿದೆಯೆಂದು ಅವನು ಒಂದು ದಿನವೂ ಇಣುಕಿರಲಿಲ್ಲ. ಭೌತಶಾಸ್ತ್ರದಲ್ಲಿ ಅವನಿಗೆ ಮೊದಲ ದರ್ಜೆ ಬಂದಿತ್ತು.

"ಸೆಲ್ ಮುಗ್ದಿದ್ದಿಕ್," ಎಂದ. ಅದು ತನ್ನದೇ ದನಿ ಎಂದು ನಂಬಲು ತುಸು ಹೊತ್ತು ಬೇಕಾಯಿತು.

"ಇದ್ದಿಕ್, ಇದ್ದಿಕ್," ಎಂದು ಕುಷ್ಟ ಒಪ್ಪಿಕೊಂಡ. "ಮುಗ್ದ್ರೆ ಯಾರ್ ಎಂತ ಮಾಡುಕಾತ್ತ್?"

"ಮುಗೀಲಿಲ್ಲ," ಎಂದಳು ಅಮ್ಮ. ಕಣ್ಣು ತೆರೆಯಲಿಲ್ಲ. "ಆ ವಾರವೇ ಹೊಸ್ತ್ ಹಾಕಿದ್ದೆ. ಯಾವಾಗ್ಳೂ ನಾನೇ ಹಾಕ್ತಿದ್ದದ್ದ್."

ಕುಷ್ಟ ಅವಳನ್ನು ನೋಡಿದ, ಜಿತೇಂದ್ರನನ್ನು ನೋಡಿದ. ಆಮೇಲೆ ಉಳಿಯ ಮೊನೆಯನ್ನು ಬೆರಳಿನಿಂದ ಸವರುತ್ತ ನಿಂತ. ಪಕ್ಕದ ಕೋಣೆಯಲ್ಲಿ ಶ್ರೀಲತಾ ಬಿಳಿ ಪ್ಲೇಟುಗಳ ಕವರು ಬಿಚ್ಚುತ್ತಿರುವುದು ಕೇಳಿಸುತ್ತಿತ್ತು.

ಹಾಗಾದರೆ ಅಮ್ಮನಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ಹೆಣದ ಎದುರು ಕೂತು ಕರೆಂಟಿಗೆ ಶಾಪ ಹಾಕಿದಾಗ ಗೊತ್ತಿತ್ತು. ಅವನ ಮದುವೆಯಲ್ಲಿ ಅಕ್ಕಿ ಹಾಕಿದಾಗ, ದಿನಾ ಸಂಜೆ ಅವನ ಬಟ್ಟಲಿಗೆ ಮೀನಿನ ನಡುಭಾಗ ಬಡಿಸಿದಾಗ ಗೊತ್ತಿತ್ತು. ತಾನು ಹನ್ನೆರಡು ವರ್ಷ ಬಚ್ಚಿಟ್ಟದ್ದನ್ನು ಅವಳು ಹನ್ನೆರಡು ವರ್ಷ ಕಾವಲು ಕಾದಿದ್ದಳು. ಇದು ಕ್ಷಮೆಯೋ ಶಿಕ್ಷೆಯೋ ಅವನಿಗೆ ತಿಳಿಯಲಿಲ್ಲ. ಅವಳು ಎದ್ದು ಕೆನ್ನೆಗೆ ಬಾರಿಸಿದ್ದರೆ ಚೆನ್ನಾಗಿತ್ತು.

"ಕುಷ್ಟ, ನಂಗ್ ಬೆಲ್ ಬ್ಯಾಡ," ಎಂದಳು ಅಮ್ಮ.

"ಗುರ್ತ್ ಹಾಕಿ ಆಯ್ತಲೆ ಸರೋಜಕ್ಕ."

"ಲೈಟ್ ಒಂದ್ ಸಾಕ್. ಅದ್ ಬಾಗ್ಲ್ ಹತ್ರ ಇರ್ಲಿ."

ಕುಷ್ಟ ಉಳಿ, ಸುತ್ತಿಗೆಗಳನ್ನು ಚೀಲಕ್ಕೆ ತುಂಬಿ, ಬೀಡಿ ಸೇದುವ ನೆಪದಲ್ಲಿ ಅಂಗಳಕ್ಕೆ ಇಳಿದ.

ಶ್ರೀಲತಾ ಬಾಗಿಲಲ್ಲಿ ಬಂದು ನಿಂತಳು. ಅಮ್ಮನಿಗೆ ಬೆಲ್ಲು ಬೇಡವಂತೆ ಎಂದು ಜಿತೇಂದ್ರ ಹೇಳಿದ. ಅವಳು ಗೋಡೆಯನ್ನು ನೋಡಿದಳು. "ಗೋಡೆ ಚಂದ ಉಳೀತ್," ಎಂದಳು. "ಆ ಪೆನ್ಸಿಲ್ ಗುರ್ತ್ ಒಂಚೂರ್ ಒರ್ಸಿ ಬಿಡಿ," ಎಂದು ಪಕ್ಕದ ಕೋಣೆಗೆ ಹೋದಳು.

"ಏಳ್ ಅಮ್ಮ. ಹೋಪ," ಎಂದ ಜಿತೇಂದ್ರ.

"ಇಲ್ಲ್ ತಂಪಿತ್ತ್. ಒಂಚೂರ್ ಮನಿಕಂತೆ."

ಅವನು ಅವಳ ಪಕ್ಕ ಮಂಡಿಯೂರಿದ. ಅಷ್ಟು ಹತ್ತಿರದಿಂದ ಅವಳ ಮುಖ ನೋಡಿ ಎಷ್ಟು ಕಾಲವಾಗಿತ್ತೋ. ಹೇಳಬೇಕೆಂದುಕೊಂಡ. ಅವತ್ತು ಬೆಲ್ಲು ಹೊಡೆದಿತ್ತು, ನಾನು ಕೇಳಿದ್ದೆ, ಎದ್ದಿರಲಿಲ್ಲ. ಮೂರೇ ಮಾತು. ಅವಳಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ, ಅದೇ ಕಷ್ಟ.

ಅವನು ಗೋಡೆಯತ್ತ ಬಗ್ಗಿ ಪೆನ್ಸಿಲಿನ ಗುರುತನ್ನು ಉಜ್ಜಿದ. ಹೆಬ್ಬೆರಳು ಬೆವರಿತ್ತು. ಹೊಸ ಬಣ್ಣದ ಮೇಲೆ ಗುರುತು ಹೋಗುವ ಬದಲು ಹರಡಿತು. ಇನ್ನಷ್ಟು ಉಜ್ಜಿದ. ಬೆಳ್ಳಗಿನ ಗೋಡೆಯಲ್ಲಿ ಹೆಬ್ಬೆರಳಿನಗಲದ ಒಂದು ಕಪ್ಪು ಬೊಟ್ಟು ಮೂಡಿತು. ಅದರ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಒತ್ತಿದ, ಗೋಡೆಯೊಳಗೆ ಅದನ್ನು ತಳ್ಳಿಬಿಡುವವನ ಹಾಗೆ.

ಯಾವ ಸದ್ದೂ ಆಗಲಿಲ್ಲ.

"ಎಂತ ಬೇಕಿತ್ತ್ ಮಗಾ?" ಎಂದಳು ಅಮ್ಮ, ಕಣ್ಣು ಮುಚ್ಚಿಕೊಂಡೇ.

ಅವನ ಬೆರಳು ಗೋಡೆಯ ಮೇಲೆಯೇ ಇತ್ತು.